ಇವರ ಹೃದಯ, ನನ್ನ ಗ್ಯಾಸು

ಪ್ರತಿ ಮನೆಯಲ್ಲೂ ಒಂದೊಂದು ಕಾಯಿಲೆ ಒಬ್ಬೊಬ್ಬರ ಹೆಸರಿಗೆ ಖಾಯಂ ಆಗಿಬಿಟ್ಟಿರುತ್ತದೆ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಮಂಡಿನೋವು ಅತ್ತೆಯವರದು, ಹೃದಯ ನಮ್ಮ ಯಜಮಾನರದು. ನನ್ನ ಪಾಲಿಗೆ ಉಳಿದದ್ದು ಗ್ಯಾಸು. ನನಗೆ ಬೆನ್ನು ನೋಯಲಿ, ದವಡೆ ಹಿಡಿದುಕೊಳ್ಳಲಿ, ಸಂಪಿಗೆ ರಸ್ತೆಯಿಂದ ತರಕಾರಿ ಚೀಲ ಹೊತ್ತು ಬಂದು ಮೆಟ್ಟಿಲ ಮೇಲೆ ಉಸ್ಸೆಂದು ಕೂರಲಿ, ಎಲ್ಲಕ್ಕೂ ಗ್ಯಾಸೇ ಕಾರಣ. ಅತ್ತೆಯವರು ಓಂಕಾಳಿನ ಡಬ್ಬಿ ಮುಂದೆ ಹಿಡಿಯುತ್ತಿದ್ದರು. ನಾನು ಅಷ್ಟು ಓಂಕಾಳು, ಒಂದು ಹರಳು ಉಪ್ಪು ಬಾಯಿಗೆ ಹಾಕಿಕೊಂಡು ಸಾರಿಗೆ ಒಗ್ಗರಣೆ ಕೊಡಲು ಎದ್ದು ಹೋಗುತ್ತಿದ್ದೆ. ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ನಾನು. ನನ್ನ ಮೈಯಲ್ಲಿ ಇಷ್ಟೊಂದು ಗ್ಯಾಸು ಎಲ್ಲಿಂದ ಉತ್ಪತ್ತಿಯಾಗುತ್ತಿದೆ ಎಂದು ಒಂದು ದಿನವಾದರೂ ಕೇಳಿಕೊಳ್ಳಬೇಡವೇ? ಕೇಳಿಕೊಂಡಿರಲಿಲ್ಲ.

ಇವರ ಹೃದಯ ಅಧಿಕೃತವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಫೀಸಿನವರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲು ಗಡಿಯಿಂದ ಒಂದು ಕೂದಲೆಳೆ ಆಚೆ ಇತ್ತು. ಅಷ್ಟೇ ಸಾಕಾಯಿತು. ಅವತ್ತಿನಿಂದ ಮನೆಯಲ್ಲಿ ಜೋರಾಗಿ ಬಾಗಿಲು ಹಾಕುವ ಹಾಗಿಲ್ಲ, ಕರೆಂಟು ಬಿಲ್ಲು ತೋರಿಸುವ ಹಾಗಿಲ್ಲ. ಮೂರು ತಲೆಮಾರಿನಿಂದ ಬೆಳ್ಳುಳ್ಳಿಯ ವಾಸನೆ ಕಾಣದಿದ್ದ ನಮ್ಮ ಅಡುಗೆಮನೆಗೆ ಬೆಳ್ಳುಳ್ಳಿ ಬಂತು. ಅತ್ತೆಯವರು ಮುಖ ಸಿಂಡರಿಸಿ, "ಔಷಧಿ ಅಂದ್ಮೇಲೆ ಏನ್ ಮಾಡಕ್ಕಾಗತ್ತೆ? ಆದ್ರೆ ದೇವರ ಮನೆ ಕಡೆ ತರಬೇಡ" ಎಂದು ಅಪ್ಪಣೆ ಕೊಟ್ಟರು. ದಿನಾ ಬೆಳಿಗ್ಗೆ ಇವರು ಹಿತ್ತಲಿನಲ್ಲಿ ನಿಂತು, ಕಣ್ಣು ಮುಚ್ಚಿ ಎರಡು ಎಸಳು ನುಂಗುತ್ತಿದ್ದರು. ಆಮೇಲೆ ಆಫೀಸಿನಲ್ಲಿ ಯಾರೂ ಹತ್ತಿರ ಬಂದು ಮಾತನಾಡುತ್ತಿರಲಿಲ್ಲವಂತೆ. ಅದರಿಂದಲೂ ಹೃದಯಕ್ಕೆ ಒಳ್ಳೆಯದೇ ಆಗಿರಬೇಕು.

ಇವರಿಗೆ ತುಪ್ಪವೂ ನಿಂತಿತು. ಇವರಿಗೆ ನಿಂತಿತೇ ಹೊರತು ಮನೆಗಲ್ಲ. ವಾರಕ್ಕೊಮ್ಮೆ ಬೆಣ್ಣೆ ಕಾಯಿಸುವುದು ನಮ್ಮಲ್ಲಿ ಸಂಧ್ಯಾವಂದನೆಯಷ್ಟೇ ತಪ್ಪದ ಕೆಲಸ. ಬೆಣ್ಣೆ ಕರಗಿ ಹದಕ್ಕೆ ಬರುವಾಗ ಒಂದು ವೀಳ್ಯದೆಲೆ ಹಾಕಬೇಕು, ಆಗ ತುಪ್ಪ ಬೇಗ ಕಮಟು ಹಿಡಿಯುವುದಿಲ್ಲ ಎಂಬುದು ಅತ್ತೆಯವರ ಶಾಸ್ತ್ರ. ಇವರ ಪಾಲಿನ ತುಪ್ಪ ಏನಾಗಬೇಕು? ಚೆಲ್ಲುವುದುಂಟೇ, ಸಾಕ್ಷಾತ್ ಲಕ್ಷ್ಮಿ! "ನೀನೇ ಹಾಕ್ಕೊಂಡ್ಬಿಡು ಶಾಂತಾ, ಹೆಂಗಸರಿಗೆ ಏನೂ ಆಗಲ್ಲ" ಎನ್ನುತ್ತಿದ್ದರು ಅತ್ತೆಯವರು. ಇವರ ಹೃದಯದ ರಕ್ಷಣೆಗೆ ಟೊಂಕ ಕಟ್ಟಿ ನಿಂತಿದ್ದವಳು ನಾನು, ಇವರ ತುಪ್ಪವನ್ನೂ ನನ್ನ ಅನ್ನದ ಮೇಲೆ ಹಾಕಿಕೊಂಡು ಕಲಸಿ ತಿಂದೆ. ಮಿಕ್ಕಿದ್ದನ್ನು ಮುಗಿಸುವುದು ಹೆಂಗಸರ ಕೆಲಸ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗಿ ಬಂದಿತ್ತು.

ಹೀಗಿರುವಾಗ ಇವರನ್ನು ಚೆಕಪ್ಪಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮನ ಕ್ಲಿನಿಕ್ಕು ಮಾರ್ಗೋಸಾ ರಸ್ತೆಯಲ್ಲಿ, ಮೊದಲನೇ ಮಹಡಿಯಲ್ಲಿ. ಇವರ ಫೈಲು, ಇವರ ನೀರಿನ ಬಾಟಲಿ, ಇವರ ಸ್ವೆಟರು ಎಲ್ಲ ಹೊತ್ತು ಮೆಟ್ಟಿಲು ಹತ್ತಿದೆ. ಇವರು ಮುಂದೆ ಕೈಬೀಸಿಕೊಂಡು ಹತ್ತಿದರು. ಒಳಗೆ ಹೋಗುವಷ್ಟರಲ್ಲಿ ನನಗೆ ಉಸಿರು ಸಿಗುತ್ತಿಲ್ಲ, ದವಡೆ ಹಿಡಿದುಕೊಂಡಿದೆ, ಹಣೆಯಲ್ಲಿ ಬೆವರು. ಡಾಕ್ಟರಮ್ಮ ಚಿಕ್ಕ ವಯಸ್ಸಿನ ಚುರುಕಿನ ಹೆಂಗಸು. ಇವರನ್ನೂ ನೋಡಿದರು, ನನ್ನನ್ನೂ ನೋಡಿದರು.

"ಪೇಷಂಟ್ ಯಾರು?"

"ನಾನೇ" ಎಂದು ಇವರು ಆಗಲೇ ಅಂಗಿಯ ತೋಳು ಮಡಿಸಿಕೊಂಡು ಸಿದ್ಧರಾಗಿದ್ದರು.

"ನೀವು ಸ್ವಲ್ಪ ಇರಿ ಸರ್. ಮೇಡಂ, ನೀವು ಬನ್ನಿ, ಕೂತ್ಕೊಳ್ಳಿ."

ಬಿ.ಪಿ. ಪಟ್ಟಿ ನನ್ನ ತೋಳಿಗೆ ಬಂತು. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ತಮ್ಮ ಎಲೆಯೊಂದನ್ನೇ ಬಿಟ್ಟು ಮುಂದೆ ಹೋದಾಗ ಆಗುವಂಥ ಮುಖ ಇವರದಾಯಿತು. "ಅವಳಿಗೆ ಅದು ಗ್ಯಾಸ್, ಡಾಕ್ಟ್ರೇ" ಎಂದರು, ಸಹಾಯ ಮಾಡುವವರ ಹಾಗೆ. ನಾನೂ "ಹೌದು, ಗ್ಯಾಸೇ" ಎಂದೆ.

"ಎಷ್ಟು ದಿನದಿಂದ ಈ ಗ್ಯಾಸು?" ಎಂದರು ಡಾಕ್ಟರಮ್ಮ. ಆಮೇಲೆ, "ಮುಟ್ಟು ನಿಂತಿದ್ಯಾ?" ಎಂದು ಕೇಳಿಬಿಟ್ಟರು. ಇವರು ತಕ್ಷಣ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ಹುಡುಕತೊಡಗಿದರು. ನಿಂತು ಮೂರು ವರ್ಷವಾಯಿತೆಂದು ನಾನು ಪಿಸುಗುಟ್ಟಿದೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮುಟ್ಟು ನಿಲ್ಲುವವರೆಗೆ ಮೈಯಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಧಾರಾಳವಾಗಿರುತ್ತದಂತೆ. ಕೊಲೆಸ್ಟರಾಲನ್ನು ಅದು ಒಂದು ಹದದಲ್ಲಿಡುತ್ತದಂತೆ. ಮುಟ್ಟು ನಿಂತ ಮೇಲೆ ಅದು ಕಡಿಮೆಯಾಗುತ್ತದೆ, ಕೆಟ್ಟ ಕೊಲೆಸ್ಟರಾಲು ಏರುತ್ತದೆ. "ಅದು ರಕ್ತದಲ್ಲಿ ಸುಮ್ನೆ ಓಡಾಡ್ಕೊಂಡಿದ್ರೆ ಅಷ್ಟು ತೊಂದ್ರೆ ಇಲ್ಲ ಮೇಡಂ. ರಕ್ತನಾಳದ ಗೋಡೆ ಒಳಗೆ ಸೇರ್ಕೊಂಡು ಆಕ್ಸಿಡೈಜ್ ಆಗತ್ತಲ್ಲ, ಆಗ್ಲೇ ಕಷ್ಟ ಶುರು. ಈಸ್ಟ್ರೋಜೆನ್ ಅದನ್ನೂ ತಡೆಯತ್ತೆ ಅಂತ ಲ್ಯಾಬಿನಲ್ಲಿ ಕಂಡಿದಾರೆ."

ಆಕ್ಸಿಡೈಜ್! ನನ್ನ ಕಿವಿ ನೆಟ್ಟಗಾಯಿತು. ಇದು ನನ್ನ ಪಾಠ ಕಣ್ರೀ! ಪ್ರನಾಳದಲ್ಲಿ ಮೊಳೆ ಹಾಕಿ ತುಕ್ಕು ತೋರಿಸಿದವಳು ನಾನು, ಹೆಚ್ಚಿಟ್ಟ ಬದನೆಕಾಯಿ ಯಾಕೆ ಕಪ್ಪಾಗುತ್ತದೆಂದು ಬೋರ್ಡಿನ ಮೇಲೆ ಬರೆದವಳು ನಾನು. ಅದೇ ವ್ಯವಹಾರ ನನ್ನ ಎದೆಯೊಳಗೂ ನಡೆಯುತ್ತದೆಂದು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ದವಡೆ ನೋವು ಮರೆತುಹೋಯಿತು.

"ಅಂದ್ರೆ ತುಪ್ಪ ಕಮಟು ಹಿಡಿದ ಹಾಗೆ, ಅಲ್ವಾ? ಈಸ್ಟ್ರೋಜೆನ್ನು ವೀಳ್ಯದೆಲೆ!"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಹೆಚ್ಚುಕಮ್ಮಿ ಹಾಗೇ. ಆದ್ರೆ ಮೈ ಅನ್ನೋದು ತುಪ್ಪದ ಪಾತ್ರೆಗಿಂತ ಜಾಸ್ತಿ ತರಲೆ."

"ಹಾಗಾದ್ರೆ ಎಲೆ ಹೊರಗಿಂದ ಹಾಕಿದ್ರೆ? ಮಾತ್ರೆ ಸಿಗಲ್ವಾ?"

"ಸಿಗತ್ತೆ, ಕೆಲವರು ಕೊಡ್ತಾರೆ. ಹೃದಯ ಕಾಯೋಕೆ ಅಂತ ನಾನು ಕೊಡಲ್ಲ, ಅದಿನ್ನೂ ತೀರ್ಮಾನ ಆಗಿಲ್ಲ."

ನನಗೆ ಅದು ಸರಿ ಎನ್ನಿಸಿತು. ಎಲೆಯನ್ನು ಬೆಣ್ಣೆ ಕಾಯಿಸುವಾಗಲೇ ಹಾಕಬೇಕು. ಕಮಟು ಹಿಡಿದ ಮೇಲೆ ಇಡೀ ಕಟ್ಟು ಹಾಕಿದರೂ ಏನು ಬಂತು? ಕೆಲವು ವರ್ಷಗಳ ಮೇಲೆ ದೊಡ್ಡ ದೊಡ್ಡ ಡಾಕ್ಟರುಗಳೇ ಹೃದಯದ ಸಲುವಾಗಿ ಆ ಮಾತ್ರೆ ಬೇಡವೆಂದರು. ಪೇಪರಿನಲ್ಲಿ ಓದಿ, ನಾನು ಆವತ್ತೇ ಅಂದುಕೊಂಡಿದ್ದೆ ಎಂದು ಬೀಗಿದೆ. ಯಾರೂ ಶಾಲು ಹೊದಿಸಲಿಲ್ಲ.

ಇಸಿಜಿ ಆಯಿತು, ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿದ್ದಾಯಿತು. ಒಂದು ರಕ್ತನಾಳ ಕಿರಿದಾಗಿರಬಹುದು, ಈಗಲೇ ಬಂದದ್ದು ಒಳ್ಳೆಯದಾಯಿತು ಎಂದರು. ನನ್ನ ಕೊಲೆಸ್ಟರಾಲಿನ ಮುಂದೆ ಇವರದು ಏನೇನೂ ಅಲ್ಲ. ಮಾತ್ರೆ, ನಡಿಗೆ, ತುಪ್ಪಕ್ಕೆ ಕೈಮುಗಿಯುವುದು. ಮೆಟ್ಟಿಲಿಳಿಯುವಾಗ ನಾನು ಹೆದರಿದ್ದೆ, ನಿಜ. ಇವರು ಫೈಲು, ಬಾಟಲಿ, ಸ್ವೆಟರು ಎಲ್ಲವನ್ನೂ ನನ್ನ ಕೈಯಿಂದ ಕಿತ್ತುಕೊಂಡರು. ಆಟೋದಲ್ಲಿ ಒಂದೇ ಸಲ, "ಗ್ಯಾಸ್ ಅಂದ್ಬಿಟ್ನಲ್ಲೇ" ಎಂದರು. ಕಣ್ಣು ಒದ್ದೆಯಾಗಿತ್ತು. ಮಾರನೆಯ ಬೆಳಿಗ್ಗೆ ಕಾಫಿ ಲೋಟದ ಪಕ್ಕದಲ್ಲಿ ನನ್ನ ಪಾಲಿಗೂ ಎರಡು ಎಸಳು ಬೆಳ್ಳುಳ್ಳಿ ಸುಲಿದಿಟ್ಟಿದ್ದರು. ಮದುವೆಯಾದಾಗಿನಿಂದ ಇವರು ಅಡುಗೆಮನೆಯಲ್ಲಿ ಮಾಡಿದ ಮೊದಲ ಕೆಲಸ. ಮೂಗು ಹಿಡಿದುಕೊಂಡು ನುಂಗಿದೆ.

ಆದರೂ ವಾರ ವಾರ ಬೆಣ್ಣೆ ಕಾಯಿಸುವುದು ನಿಲ್ಲಲಿಲ್ಲ. ನಮ್ಮಿಬ್ಬರ ಪಾಲನ್ನೂ ಅತ್ತೆಯವರು, "ನನಗೇನಾಗತ್ತೆ ಈ ವಯಸ್ಸಲ್ಲಿ?" ಎನ್ನುತ್ತಾ ಸಂತೋಷವಾಗಿ ವಹಿಸಿಕೊಂಡರು. ನಾನು ಸ್ಟಾಫ್ ರೂಮಿನಲ್ಲಿ, ತರಕಾರಿ ಅಂಗಡಿಯಲ್ಲಿ, ಅರಿಶಿನ ಕುಂಕುಮಕ್ಕೆ ಕರೆದವರ ಮನೆಗಳಲ್ಲಿ ಹೆಂಗಸರನ್ನು ಹಿಡಿದು ನಿಲ್ಲಿಸಿ ಈಸ್ಟ್ರೋಜೆನ್ನಿನ ಪಾಠ ಮಾಡಿದೆ. ಬೆನ್ನು, ದವಡೆ, ಸುಸ್ತು, ಯಾವುದನ್ನೂ ಗ್ಯಾಸು ಎನ್ನಬೇಡಿ ಎಂದು ಬುದ್ಧಿ ಹೇಳಿದೆ. ನನ್ನನ್ನು ಕಂಡರೆ ಕೆಲವರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಮೊನ್ನೆ ಭಾನುವಾರ ದೋಸೆ ಹುಯ್ಯುತ್ತಿದ್ದೆ. ಅತ್ತೆಯವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಯಾಕೋ ಬೆಳಿಗ್ಗೆಯಿಂದ ಬೆನ್ನು ಹಿಡ್ಕೊಂಡ ಹಾಗಿದೆ ಶಾಂತಾ, ತುಂಬಾ ಸುಸ್ತು" ಎಂದರು.

ನಾನು ಕಾವಲಿಯಿಂದ ಕಣ್ಣು ತೆಗೆಯದೆ, "ಗ್ಯಾಸ್ ಇರಬೇಕಮ್ಮ, ಓಂಕಾಳು ಕೊಡ್ತೀನಿ ಇರಿ" ಎಂದೆ.

ಕೈ ಆಗಲೇ ಡಬ್ಬಿಯ ಮೇಲಿತ್ತು. ಹಾಲ್‌ನಲ್ಲಿ ಪೇಪರು ಓದುತ್ತಿದ್ದ ಇವರು ಅದನ್ನು ಮಡಚಿಟ್ಟ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿ ಮೆಟ್ಟಿದ ಸದ್ದು. "ಅಮ್ಮಾ, ನೀವು ಕೂತ್ಕೊಳ್ಳಿ, ಆಟೋ ತರ್ತೀನಿ" ಎಂದರು ಇವರು. ಬಾಗಿಲ ತನಕ ಹೋದವರು ಒಂದು ಕ್ಷಣ ನಿಂತು, "ಮೇಷ್ಟ್ರಮ್ಮಾ, ಸ್ಟೋವ್ ಆರಿಸಿ ಬನ್ನಿ" ಎಂದರು.