ಗಸ್ತಿನಲ್ಲಿದ್ದಾರೆ

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ತಿದ್ದುವ ಕಾಯಿಲೆ. ಇದಕ್ಕೆ ಔಷಧವಿಲ್ಲ. ರೋಗಿಗೆ ನೋವೂ ಇಲ್ಲ, ನೋವೆಲ್ಲ ಅಕ್ಕಪಕ್ಕದವರಿಗೆ. ಮದುವೆಯ ಕಾಗದ ಕೈಗೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುವವನು ನಾನು. ದೋಹಾದ ಓಲ್ಡ್ ಏರ್‌ಪೋರ್ಟ್ ಬಳಿ ನಮ್ಮ ಫ್ಲ್ಯಾಟಿನ ಕೆಳಗೊಂದು ದಿನಸಿ ಅಂಗಡಿಯಿತ್ತು. ಅದರ ಮಲಯಾಳಿ ಯಜಮಾನ ಹಲಗೆಯ ಮೇಲೆ ‘ತಾಜಾ ತರಕಾರಿ’ ಎಂಬುದನ್ನು ಇಂಗ್ಲಿಷಿನಲ್ಲಿ ತಪ್ಪಾಗಿ ಬರೆಸಿದ್ದ. ನಾನು ಮೂರು ದಿನ ಬಿಡದೆ ಹೇಳಿದ ಮೇಲೆ ಆತ ಹಲಗೆಯನ್ನೇ ಕಳಚಿ ಒಳಗಿಟ್ಟು “ಖಲಾಸ್” ಎಂದ. “ನಿಮ್ಮೊಟ್ಟಿಗೆ ಇರುವುದೆಂದ್ರೆ ದಿನಾ ಪರೀಕ್ಷೆ ಬರೆದ ಹಾಗೆ ಮಾರಾಯ್ರೆ” ಎಂದು ಹೆಂಡತಿ ಶಾಲಿನಿ ಆಗಾಗ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಎರಡು ಸಾವಿರದ ನಾಲ್ಕನೇ ಇಸವಿ. ಒಂದು ಕಟ್ಟಡ ಕಂಪೆನಿಯಲ್ಲಿ ನಾನು ಸೆಕ್ರೆಟರಿ. ಅಲ್ಲಿ ಸುರಕ್ಷತೆಯ ಸಲಹೆಗಾರರಾಗಿ ಆರ್ಥರ್ ಎಂಬ ಇಂಗ್ಲಿಷರಿದ್ದರು. ಅರುವತ್ತೇಳು ವರ್ಷ, ಕಡ್ಡಿಯಂಥ ಮೈ, ಮೆಲುದನಿ. ಬ್ರಿಟಿಷ್ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಒಂದು ದಿನ ಅವರು ನಾಲ್ಕು ದಪ್ಪ ನೋಟುಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟು, “ಸುಧಾಕರ್, ಇದು ನಮ್ಮ ಜಲಾಂತರ್ಗಾಮಿಗಳ ಕಥೆ. ಯುದ್ಧದ ಕಾಲದ್ದು, ಆಮೇಲಿನದ್ದು. ಮೊಮ್ಮಕ್ಕಳಿಗಾಗಿ ಬರೆದಿದ್ದೇನೆ. ಬಿಡುವಾದಾಗ ಟೈಪ್ ಮಾಡಿಕೊಡುತ್ತೀರಾ?” ಎಂದು ಕೇಳಿದರು. ನಾನು ಕುರ್ಚಿಯಿಂದ ಏಳುವುದೊಂದು ಬಾಕಿ. ನಮ್ಮನ್ನು ಇನ್ನೂರು ವರ್ಷ ಆಳಿದವರ ಇಂಗ್ಲಿಷನ್ನು ತಿದ್ದುವ ಅವಕಾಶ ಯಾರಿಗುಂಟು, ಯಾರಿಗಿಲ್ಲ!

ಮೊದಲ ಅಧ್ಯಾಯದಲ್ಲೇ ತಪ್ಪು ಸಿಕ್ಕಿತು. ಉದ್ದಕ್ಕೂ ಅವರು ಜಲಾಂತರ್ಗಾಮಿಯನ್ನು ‘ಬೋಟ್’ ಎಂದು ಬರೆದಿದ್ದರು. ನಮ್ಮ ಮಲ್ಪೆಯಲ್ಲಿ ಬೋಟೆಂದರೆ ಬಂಗುಡೆ ಹಿಡಿಯಲು ಹೋಗುವಂಥದ್ದು. ಹತ್ತಾರು ಜನರನ್ನೂ ಟಾರ್ಪಿಡೊಗಳನ್ನೂ ಹೊತ್ತು ಮುಳುಗುವ ಯಂತ್ರಕ್ಕೆ ಅದು ತೀರಾ ಸಣ್ಣ ಹೆಸರಾಯಿತೆಂದು ಗೌರವದಿಂದ ಎಲ್ಲ ಕಡೆ ‘ಶಿಪ್’ ಮಾಡಿದೆ. ಆರ್ಥರ್ ಓದಿ ನಕ್ಕರು. “ಮೇಲೆ ತೇಲುವವರದ್ದು ಹಡಗು. ನಮ್ಮದು ಬೋಟೇ. ಅದು ನಮ್ಮ ಹೆಮ್ಮೆ.” ಒಂದೂ ಬಿಡದೆ ಮತ್ತೆ ಬದಲಿಸಿದೆ.

ಟೈಪ್ ಮಾಡುತ್ತಾ ಮಾಡುತ್ತಾ ನನಗೂ ಆ ಲೋಕ ಹತ್ತಿರವಾಯಿತು. ನೀರೊಳಗೆ ಅಡಗಿ ಹೊಡೆಯುವುದು ಗಂಡಸುತನವಲ್ಲ ಎಂದು ಅವರದೇ ಹಿರಿಯ ಅಧಿಕಾರಿಗಳು ಒಂದು ಕಾಲಕ್ಕೆ ಮೂಗು ಮುರಿದಿದ್ದರಂತೆ. ಅದಕ್ಕೇ ಈ ಜನ ಹಟದಿಂದ ಕಡಲ್ಗಳ್ಳರ ತಲೆಬುರುಡೆಯ ಬಾವುಟ ಹಾರಿಸಿಕೊಂಡು ಬಂದರಿಗೆ ಬರುತ್ತಿದ್ದರಂತೆ. ಒಬ್ಬ ಎದ್ದ ಹಾಸಿಗೆಯಲ್ಲಿ, ಅದು ಆರುವ ಮೊದಲೇ ಇನ್ನೊಬ್ಬ ಮಲಗಬೇಕು. ಸ್ನಾನವಿಲ್ಲ, ಬಟ್ಟೆಗೆ, ಕೂದಲಿಗೆ, ಬ್ರೆಡ್ಡಿಗೆ ಎಲ್ಲಕ್ಕೂ ಡೀಸೆಲ್ ವಾಸನೆ. ಯುದ್ಧ ಮುಗಿದ ಮೇಲೆ ಅಣುಶಕ್ತಿಯ ಬೋಟುಗಳು ಬಂದವು. ಸ್ನಾನಕ್ಕೆ ನೀರು ಸಿಕ್ಕಿತು. ಆದರೆ ತಿಂಗಳುಗಟ್ಟಲೆ ಆಕಾಶ ಸಿಗಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇವೆಂದು ಹೆಂಡತಿಗೂ ಹೇಳುವಂತಿರಲಿಲ್ಲ. ಇದನ್ನು ಶಾಲಿನಿಗೆ ಓದಿ ಹೇಳಿದರೆ, “ಆ ಹೆಂಗಸರ ಕಥೆ ಯಾರಾದ್ರೂ ಬರೆದಿದ್ದಾರಾ?” ಎಂದಳು. ಆಗ ನನ್ನ ಗಮನವೆಲ್ಲ ಒಂದು ಅಲ್ಪವಿರಾಮದ ಮೇಲಿತ್ತು.

ಮೂರನೇ ಪುಸ್ತಕದಲ್ಲಿ ಒಂದು ಸಾಲಿತ್ತು. ಅವರ ತಂದೆ ವಿಲಿಯಂ ಸಹ ಜಲಾಂತರ್ಗಾಮಿಯವರೇ. ಯುದ್ಧದ ಮಧ್ಯೆ ಮಾಲ್ಟಾದಿಂದ ಹೊರಟ ಬೋಟು ತಿರುಗಿ ಬರಲಿಲ್ಲ. ಅಷ್ಟು ಬರೆದು ಆರ್ಥರ್ ಕೊನೆಗೆ, ‘ನನ್ನ ತಂದೆ ಗಸ್ತಿನಲ್ಲಿದ್ದಾರೆ’ ಎಂದು ವರ್ತಮಾನಕಾಲದಲ್ಲಿ ನಿಲ್ಲಿಸಿದ್ದರು. ಅರುವತ್ತು ವರ್ಷದ ಹಿಂದಿನ ಸಂಗತಿಗೆ ‘ಈಸ್’ ಎಲ್ಲಿಂದ ಬರಬೇಕು? ನಾನು ‘ವಾಸ್’ ಎಂದು ತಿದ್ದಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಕಾಲದೋಷ’ ಎಂದು ಟಿಪ್ಪಣಿ ಬೇರೆ ಬರೆದೆ.

ಮರುದಿನ ಆರ್ಥರ್ ಆ ಹಾಳೆ ಹಿಡಿದು ಬಂದು ನನ್ನೆದುರು ಕುಳಿತರು. ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಬಾರದ ಬೋಟುಗಳ ಬಗ್ಗೆ ನಾವು ಹಾಗೆಯೇ ಹೇಳುವುದು” ಎಂದರು. “ನನಗಾಗ ಐದು ವರ್ಷ. ತಂತಿ ಬಂತು. ಬೋಟು ಬರಬೇಕಾದ ದಿನ ಕಳೆದಿದೆ, ಮುಳುಗಿರಬೇಕೆಂದು ಭಾವಿಸಲಾಗಿದೆ, ಅಂತ. ಅಮ್ಮ ಓದಿ, ‘ಭಾವಿಸಿಕೊಳ್ಳಲಿ’ ಎಂದು ಮಡಚಿಟ್ಟಳು. ಅಪ್ಪನ ಕ್ಷೌರದ ಕತ್ತಿಗೆ ತಿಂಗಳಿಗೊಮ್ಮೆ ಎಣ್ಣೆ ಸವರುತ್ತಿದ್ದಳು. ಬೋಟಿನಿಂದ ಬಂದವನಿಗೆ ಮೊದಲು ಬೇಕಾಗುವುದು ಕ್ಷೌರ ತಾನೇ? ನಲವತ್ತೊಂದು ವರ್ಷ ಸವರಿದಳು. ಅವಳಿರುವವರೆಗೆ ಅಪ್ಪನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರೂ ‘ವಾಸ್’ ಎನ್ನಲಿಲ್ಲ.”

“ಕ್ಷಮಿಸಿ ಸರ್” ಎಂದೆ. ಅವರು ಹೋದ ಮೇಲೆ ಸಾಲನ್ನು ಮೊದಲಿನಂತೆ ಮಾಡಿ ಆ ಕೆಂಪು ಟಿಪ್ಪಣಿಯ ಹಾಳೆಯನ್ನು ಚೂರು ಚೂರು ಹರಿದೆ. ಮನೆಗೆ ಬಂದು ಹೇಳಿದಾಗ ಶಾಲಿನಿ ಬೈಯಲಿಲ್ಲ. “ಪಾಪ, ಆ ಅಮ್ಮ” ಎಂದು ಅಡುಗೆಮನೆಗೆ ಹೋದಳು.

ಡಿಸೆಂಬರಿನಲ್ಲಿ ಆರ್ಥರ್ ಅವರಿಗೊಂದು ಇಮೇಲ್ ಬಂತು. ಮೆಡಿಟರೇನಿಯನ್ನಿನ ಒಂದು ದ್ವೀಪದ ಬಳಿ ಮುಳುಗುಗಾರರಿಗೆ ಬೋಟೊಂದು ಕಂಡಿದೆ. ಶತ್ರುಗಳು ನೀರಿನಲ್ಲಿಟ್ಟ ಮೈನ್ ಸಿಡಿದು ಮೂತಿ ಒಡೆದಿದೆ. ಒಳಗಿಳಿಯುವ ಮೇಲಿನ ಬಾಗಿಲುಗಳು ಮುಚ್ಚಿದಂತೆಯೇ ಇವೆ. ಅದು ವಿಲಿಯಂ ಅವರ ಬೋಟೇ. ಯಾರೂ ಅದನ್ನು ತೆರೆಯುವುದಿಲ್ಲ, ಅದು ಸಮಾಧಿ. ಆರ್ಥರ್ ಫೋಟೊವನ್ನು ನನ್ನ ಮೇಜಿನ ಮೇಲಿಟ್ಟರು. ಹಸಿರು ಕತ್ತಲೆಯಲ್ಲಿ ಪಾಚಿ ಹಿಡಿದ ಫಿರಂಗಿ, ಅದರ ನಳಿಗೆಯ ಸುತ್ತ ಸಣ್ಣ ಮೀನುಗಳು. “ಸುಧಾಕರ್, ಆ ಸಾಲನ್ನು ಈಗ ತಿದ್ದಿ” ಎಂದರು.

ಬದುಕಿನಲ್ಲಿ ಮೊದಲ ಬಾರಿಗೆ ನನಗೆ ತಿದ್ದಲು ಮನಸ್ಸು ಬರಲಿಲ್ಲ. “ಹಾಗೇ ಇರಲಿ ಸರ್” ಎಂದೆ. ಅವರು ತಲೆಯಾಡಿಸಿದರು. “ಬೇಡ. ಅಮ್ಮ ಕಾದದ್ದು ಸಾಕು. ಅಪ್ಪ ಈಗ ಗಸ್ತು ಮುಗಿಸಿದರು.” ಅವರೇ ನನ್ನ ಪಕ್ಕ ನಿಂತರು. ಎರಡೇ ಅಕ್ಷರ ಅಳಿಸಿ ಮೂರು ಅಕ್ಷರ ಒತ್ತಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು.

ಆಮೇಲೆ ಅವರು ಕೇಳಿದರು, “ನಿಮ್ಮಲ್ಲಿ ಇಂಥವರಿಗೆ ಏನು ಮಾಡುತ್ತೀರಿ?” ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಸಮುದ್ರಸ್ನಾನ ಮಾಡಿ, ಹೋದವರ ಹೆಸರು ಹೇಳಿ ಬೊಗಸೆಯಲ್ಲಿ ನೀರು ಬಿಡುತ್ತೇವೆ ಎಂದೆ. ಆ ಶುಕ್ರವಾರ ಬೆಳಗಾಗುವಾಗ ನಾವಿಬ್ಬರೂ ದೋಹಾದಿಂದ ಉತ್ತರಕ್ಕೆ ಅಲ್ ಶಮಾಲ್‌ನ ಕಡಲ ದಂಡೆಯಲ್ಲಿದ್ದೆವು. ಅಮಾವಾಸ್ಯೆಯಲ್ಲ, ಆಟಿ ತಿಂಗಳೂ ಅಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಪ್ಯಾಂಟು ಮಡಚಿ ಮೊಣಕಾಲವರೆಗೆ ನೀರಿಗಿಳಿದೆವು. ನೀರು ಕೊರೆಯುತ್ತಿತ್ತು.

“ಈ ನೀರು ಅಲ್ಲಿಯವರೆಗೆ ಹೋದೀತೇ?” ಎಂದರು ಆರ್ಥರ್.

“ಹೋಗುತ್ತದೆ ಸರ್. ಸೂಯೆಜ್ ಕಾಲುವೆಯನ್ನು ನಿಮ್ಮವರೇ ತೋಡಿಸಿದ್ದಾರಲ್ಲ.”

“ತೋಡಿಸಿದ್ದು ಫ್ರೆಂಚರು” ಎಂದು ತಿದ್ದಿದರು. ನಂತರ ಬಗ್ಗಿ ಬೊಗಸೆ ತುಂಬಿಕೊಂಡು, ಮಗು ಕರೆದ ಹಾಗೆ ಒಮ್ಮೆ “ಡ್ಯಾಡಿ” ಎಂದರು. ಆಮೇಲೆ ಪೂರ್ತಿ ಹೆಸರು ಹೇಳಿ ನೀರು ಬಿಟ್ಟರು. ನಾನು ಬೇರೆ ಕಡೆ ನೋಡಿದೆ.

“ಈಗ ನೀವು” ಎಂದರು. “ಎಷ್ಟು ಜನರಿಗೆ?” ಮೂರು ತಲೆಮಾರಿಗೆ ಎಂದೆ. ಅಪ್ಪನ ಹೆಸರು ಹೇಳಿ ಬಿಟ್ಟೆ. ಅಜ್ಜನ ಹೆಸರು ಹೇಳಿ ಬಿಟ್ಟೆ. ಮೂರನೆಯ ಹೆಸರು ಬಾಯಿಗೆ ಬರಲಿಲ್ಲ. ಬಾರದೆ ಹೋದ ಇಂಗ್ಲಿಷರ ಬೋಟುಗಳ ಹೆಸರು ಅಕಾರಾದಿಯಾಗಿ ಬಾಯಿಪಾಠವಿದ್ದವನಿಗೆ ಸ್ವಂತ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ನೀರಿನಲ್ಲೇ ನಿಂತು ಊರಿಗೆ, ಅಣ್ಣನಿಗೆ ಫೋನ್ ಮಾಡಿದೆ.

“ಮುತ್ತಜ್ಜನ ಹೆಸರಾ? ಎಂತಕ್ಕೆ, ಪಾಸ್‌ಪೋರ್ಟಿಗಾ?” ಎಂದ ಅಣ್ಣ. “ಹಿರಿಯಜ್ಜ ಅಂತ ಹೇಳ್ತಿದ್ರಪ್ಪ ಎಲ್ಲ. ಹೆಸರು ಯಾರು ಕೇಳಿದ್ದಾರೆ ಮಾರಾಯ?”

ಫೋನು ಜೇಬಿಗಿಟ್ಟು ಮತ್ತೆ ನೀರೆತ್ತಿಕೊಂಡು ನಿಂತೆ. ಏನು ಹೇಳುವುದೆಂದು ತೋಚದೆ ನಿಂತೇ ಇದ್ದೆ. ಆರ್ಥರ್‌ಗೆ ನಮ್ಮ ಭಾಷೆ ಬಾರದಿದ್ದರೂ ನನ್ನ ಅವಸ್ಥೆ ಅರ್ಥವಾಗಿತ್ತು.

“ಬಿಡಿ ಸುಧಾಕರ್” ಎಂದರು ಮೆಲ್ಲಗೆ. “ಅವರ ಹೆಸರು ಅವರಿಗೆ ಗೊತ್ತಿರುತ್ತದೆ.”

ಬಿಡೋಣವೆಂದು ನೋಡಿದರೆ, ಬೊಗಸೆಯಲ್ಲಿ ನೀರು ಉಳಿದಿರಲಿಲ್ಲ.