ಏಳು ನಿಮಿಷದ ಇಂಗ್ಲಿಷ್ ಪದಾ

ಒಂದು ಹಾಡು ಒಬ್ಬರ ಕೈಯಲ್ಲಿ ಕೆಟ್ಟರೆ ತಪ್ಪು ಅನ್ನುತ್ತಾರೆ, ಸಿಕ್ಕವರೆಲ್ಲರ ಕೈಯಲ್ಲೂ ಕೆಟ್ಟರೆ ಕಲೆ ಅನ್ನುತ್ತಾರೆ. ನಮ್ಮ ಮನೆತನದಲ್ಲಿ ಈ ಕಲಾಸೇವೆ ಮೂವತ್ತು ವರ್ಷದಿಂದ ನಡೆದಿದೆ, ನಿಲ್ಲುವ ಲಕ್ಷಣ ಏನೂ ಕಾಣವಲ್ದು.

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ರಾಯಚೂರಿನಲ್ಲಿ ಮಿಕ್ಸರ್, ಫ್ಯಾನು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾನೆ. ಕಾಲೇಜಿನಲ್ಲಿದ್ದಾಗ ಹೈದರಾಬಾದಿನಿಂದ ಒಂದು ಕ್ಯಾಸೆಟ್ ತಂದಿದ್ದನಂತೆ. ಅದರಲ್ಲಿ ಉದ್ದ ಕೂದಲಿನ ಫಾರಿನ್ನವರು ಗಿಟಾರ್ ಹಿಡಿದು ಹಾಡಿದ ಒಂದು ಹಾಡು. ಹುಡುಗಿ ಬಿಟ್ಟು ಹೋದಳು, ಬಾಗಿಲು ತೆಗೆದಿಟ್ಟೀನಿ, ತಿರುಗಿ ಬಾ. ಇಷ್ಟು ಹೇಳಲು ಅವರಿಗೆ ಏಳು ನಿಮಿಷ ಬೇಕು. ನಡುವೆ ಎರಡು ನಿಮಿಷ ಮಾತೇ ಇಲ್ಲ, ಬರೇ ಗಿಟಾರ್ ಅಳುತ್ತದೆ. ಮಾಮಾನ ಜೀವ ಇರುವುದು ಆ ಎರಡು ನಿಮಿಷದಲ್ಲಿ. ಸಾಯುವುದರೊಳಗೆ ಒಮ್ಮೆ ಜನರ ಮುಂದೆ ಆ ಹಾಡನ್ನು ಪೂರ್ತಿ ಹಾಡಬೇಕು, ನಡುವಿನ ಗಿಟಾರನ್ನೂ ಬಿಡದೆ ನುಡಿಸಬೇಕು ಅನ್ನುವುದೊಂದೇ ಅವನ ಆಸೆ. ಹತ್ತನೆಯ ತರಗತಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೂ ಇಷ್ಟು ಲೆಕ್ಕ ಗೊತ್ತು: ನಮ್ಮ ಕಡೆ ಮಂದಿ ಎರಡು ನಿಮಿಷ ಸುಮ್ಮನೆ ಕೂಡುವುದು ಡಾಕ್ಟರು ಬಾಯಲ್ಲಿ ಥರ್ಮಾಮೀಟರ್ ಇಟ್ಟಾಗ ಮಾತ್ರ.

ಒಂದು: ಕುದರಿ ಒಪ್ಪಲಿಲ್ಲ

ಇದು ನಾನು ಹುಟ್ಟುವ ಮುಂಚಿನ ಮಾತು, ಅವ್ವ ಹೇಳಿದ್ದು. ಮಾಮಾ ತನ್ನ ಮದುವೆಗೆ ಹದಿನೈದು ದಿನ ಮೊದಲೇ ರಾಯಚೂರಿನ ಬ್ಯಾಂಡಿನವರಿಗೆ ಕ್ಯಾಸೆಟ್ ಕೊಟ್ಟಿದ್ದ. ಮೆರವಣಿಗೆ ಹೊರಟಿತು. ಟ್ರಂಪೆಟ್‌ನಲ್ಲಿ ಹಾಡು ಬಂತು, ಆದರೆ ಬೆನ್ನಿಗೆ ನಾಯಿ ಬಿದ್ದಂತೆ ಓಡಿಕೊಂಡು ಬಂತು.

ಕುದುರೆ ಮೇಲಿಂದಲೇ ಮಾಮಾ ಒದರಿದ, "ನಿಧಾನ ಬಾರಸ್ರೀ! ಅದು ದುಃಖದ ಹಾಡು!"

"ನಮಗೂ ದುಃಖ ಅದರೀ ಯಪ್ಪಾ," ಅಂದ ಬ್ಯಾಂಡ್ ಮಾಸ್ತರ. "ಆದ್ರ ನಿಮ್ಮ ಕುದರಿಗೆ ಈ ಒಂದೇ ತಾಳ ಕಲಿಸ್ಯಾರ. ನಿಧಾನ ಬಾರಿಸಿದ್ರ ಅದು ನಿಂತುಬಿಡ್ತದ."

"ನಡುವಿನ ಗಿಟಾರ್ ಎಲ್ಲಿ ಹೋಯ್ತು?"

"ಅಲ್ಲಿ ಮಾತು ಇದ್ದಿಲ್ಲಲ್ರೀ, ನಾವು ಚಾ ಕುಡದ್ವಿ."

ಹುಡುಗಿ ಬಿಟ್ಟುಹೋದ ಹಾಡಿಗೆ ಬೀಗರೆಲ್ಲ ಬೆವರು ಕಿತ್ತು ಬರುವಂತೆ ಕುಣಿದರು. ಅತ್ತೆ ಮಾತ್ರ ಇವತ್ತಿನವರೆಗೂ ಬಿಟ್ಟು ಹೋಗಿಲ್ಲ. ಅದಕ್ಕೂ ಮಾಮಾ ಬ್ಯಾಂಡಿನವರನ್ನೇ ಬೈಯುತ್ತಾನೆ.

ಎರಡು: ಗಿಟಾರೇಶ

ನಾನು ಐದನೆಯ ಇಯತ್ತೆಯಲ್ಲಿದ್ದಾಗ ದೇವದುರ್ಗದ ಭಜನಾ ಸಂಘದವರ ಆಂಪ್ಲಿಫೈಯರ್ ಕೆಟ್ಟಿತು. ಮಾಮಾ ರಿಪೇರಿ ಮಾಡಿ, ಪರೀಕ್ಷೆಗೆ ಅಂತ ಇದೇ ಹಾಡು ಹಚ್ಚಿದ. ಸಂಘದ ಹಿರಿಯ ಅಜ್ಜ ಕಣ್ಣು ಮುಚ್ಚಿ ಕೇಳಿದ. ಅರ್ಥ ಕೇಳಿ ತಿಳಿದುಕೊಂಡು, "ಹುಡುಗಿ ಅಂದ್ರ ಜೀವಾತ್ಮ, ಬಾಗಲಾ ಅಂದ್ರ ದೇಹ. ಎಂಥಾ ತತ್ವಪದ!" ಅಂದ. ಫಾರಿನ್ನವರು ಕೇಳಿದ್ದರೆ ಕೂದಲು ಕತ್ತರಿಸಿಕೊಂಡು ದೀಕ್ಷೆ ತಗೊಳ್ಳುತ್ತಿದ್ದರು.

ಒಂದೇ ತೊಡಕು. ಪದದ ಕೊನೆಗೆ ಬರೆದವರ ಅಂಕಿತ ಬೇಕು.

"ಬರದ ಶರಣರು ಯಾರಪಾ?" ಅಂದ ಅಜ್ಜ.

ಮಾಮಾ ತಲೆ ಕೆರೆದುಕೊಂಡ. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ಗಿಟಾರೇಶ ಅಂತ ಹಾಕ್ರೀ ಯಜ್ಜಾ," ಅಂದೆ.

ಮುಂದಿನ ಸೋಮವಾರ ತಾಳ, ದಮ್ಮಡಿ ಹಿಡಿದು, "ಬಾಗಿಲ ತೆರೆದೀನೋ ಗಿಟಾರೇಶಾ" ಅಂತ ಹಾಡಿದರು. ನಡುವೆ ಗಿಟಾರ್ ಇದ್ದ ಎರಡು ನಿಮಿಷದ ಜಾಗದಲ್ಲಿ ಅಜ್ಜ ಇಪ್ಪತ್ತು ನಿಮಿಷ ಅರ್ಥ ಬಿಡಿಸಿದ. ಈಗಲೂ ಅಲ್ಲಿ ಒಬ್ಬಿಬ್ಬರು ಗಿಟಾರೇಶನ ಹೆಸರಿಗೆ ಕಾಯಿ ಒಡೆಸುತ್ತಾರೆ. ಗುಡಿ ಎಲ್ಲಿದೆ ಅಂತ ಇನ್ನೂ ಒಬ್ಬರೂ ಕೇಳಿಲ್ಲ.

ಮೂರು: ತಂತಿ ಇಲ್ಲದ ಗಿಟಾರ್

ಹೋದ ವರ್ಷ ಮಾಮಾ ನನ್ನನ್ನು ಕರೆದುಕೊಂಡು ಮಾನ್ವಿಗೆ ಹೋದ. ಅಲ್ಲೊಬ್ಬ ರೀಲ್ ಕಲಾವಿದನಿದ್ದಾನೆ. ನೆರಳಿನಲ್ಲೂ ಕಪ್ಪು ಕನ್ನಡಕ ಹಾಕುವವನು, ಅಂದರೆ ದೊಡ್ಡ ಕಲಾವಿದ.

"ಏಳು ನಿಮಿಷ ಯಾರು ನೋಡ್ತಾರ್ರೀ ಮಾಮಾ? ಮೂವತ್ತು ಸೆಕೆಂಡಿನ್ಯಾಗ ಮುಗಿಸ್ತೀನಿ," ಅಂದ.

ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಗಿಟಾರ್ ಬಾರಿಸಿದ. ವಿಡಿಯೋ ನೋಡಿದ ಮಾಮಾ ಗಾಬರಿಯಾದ. "ಗಿಟಾರಿಗೆ ತಂತಿನ ಇಲ್ಲಲ್ಲೋ!"

"ಬಿಸಿಲಿಗೆ ಮಿಂಚತಾವ್ರೀ, ತಗದಿಟ್ಟೀನಿ."

ಅವನ ಹಿಂದೆ ಒಂದು ಎಮ್ಮೆ ಹಾಯ್ದು ಹೋಗಿತ್ತು. ವಿಡಿಯೋ ಕೆಳಗೆ ಕಾಮೆಂಟ್ ಬರೆದವರೆಲ್ಲ ಅದನ್ನೇ ಕೇಳಿದ್ದರು: ಎಮ್ಮಿ ಎಷ್ಟು ಲೀಟರ್ ಹಿಂಡತದ, ಕೊಡಾದು ಅದ ಏನು? ಮಾಮಾ ಒಂದೊಂದನ್ನೂ ಓದಿ, ಇನ್ನೊಮ್ಮೆ ವಿಡಿಯೋ ನೋಡಿ, ನಿಟ್ಟುಸಿರು ಬಿಟ್ಟ. "ಏನರ ಅನ್ನು ಲೇ, ಎಮ್ಮಿ ಮಾತ್ರ ತಾಳಕ್ಕ ಬರೋಬ್ಬರಿ ನಡದದ."

ನಾಲ್ಕು: ಒನ್ಸ್ ಮೋರ್

ಮೊನ್ನೆ ಮಾಮಾನ ಒಬ್ಬಳೇ ಮಗಳ ಮದುವೆ, ರಾಯಚೂರಿನಲ್ಲಿ. ವಧೂವರರ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಮಾಮಾ ಗಿಟಾರ್ ಹಿಡಿದು ಸ್ಟೇಜ್ ಹತ್ತಿದ. ಇನ್ನೊಬ್ಬ ಮಗಳಿಲ್ಲ, ಇನ್ನೊಂದು ಸ್ಟೇಜೂ ಸಿಗುವುದಿಲ್ಲ. "ಲೇ, ಇವತ್ತೊಂದಿನ ನಿನ್ನ ಕಿತಾಪತಿ ಬ್ಯಾಡ. ಕೈ ಮುಗೀತೀನಿ," ಅಂದ. ಮಾಮಾ ನನಗೆ ಕೈ ಮುಗಿದದ್ದು ನೋಡಿ ಒಂಥರಾ ಆಯಿತು. ನಡುವೆ ಊದಲು ಜೇಬಿನಲ್ಲಿಟ್ಟುಕೊಂಡಿದ್ದ ಪೀಪಿಯನ್ನು ಅತ್ತೆ ಕೈಗೆ ಒಪ್ಪಿಸಿಬಿಟ್ಟೆ.

ಸುಳ್ಳು ಯಾಕೆ, ಚೆನ್ನಾಗಿಯೇ ಹಾಡಿದ. ನಡುವಿನ ಗಿಟಾರ್ ಬಂತು. ಮಾಮಾ ಕಣ್ಣು ಮುಚ್ಚಿದ. ಸರಿಯಾಗಿ ಅದೇ ಹೊತ್ತಿಗೆ ಬೀಗರ ಹಿರಿಯರೊಬ್ಬರು ಊಟದ ಹಾಲ್ ಬಾಗಿಲಲ್ಲಿ ನಿಂತು ಟವೆಲ್ ಬೀಸಿದರು. ಎರಡನೇ ಪಂಕ್ತಿ! ಕುರ್ಚಿಗಳೆಲ್ಲ ಕರಕರ ಅಂದವು, ಇಡೀ ಸಭೆ ಎದ್ದು ನಿಂತಿತು. ಕಣ್ಣು ಮುಚ್ಚಿದ್ದ ಮಾಮಾ, ಮರ್ಯಾದೆಗೆ ಎದ್ದು ನಿಂತರು ಅಂದುಕೊಂಡ. ಕಣ್ಣಂಚಿನಲ್ಲಿ ನೀರು ಬಂತು. ಕಣ್ಣು ತೆಗೆದ. ಹಾಲ್ ತುಂಬ ಖಾಲಿ ಕುರ್ಚಿ, ಮುಂದೆ ನಾನೊಬ್ಬ.

"ಎಲ್ಲಿ ಹೋದ್ರಲೇ ಮಂದಿ?" ತಂತಿ ಮೇಲಿನ ಕೈ ಹಾಗೇ ನಿಂತಿತು.

ಒಂದು ಸುಳ್ಳು ಹುಡುಕುತ್ತಿದ್ದೆ. ಅಷ್ಟರಲ್ಲಿ ನೂರು ಮಂದಿ ತಿರುಗಿ ಬಂದರು. ಊಟದ ಹಾಲ್‌ನಲ್ಲಿ ಅನ್ನ ತೀರಿ, ಇನ್ನೊಂದು ಚೀಲ ಅಕ್ಕಿ ಈಗಷ್ಟೇ ಒಲೆ ಹತ್ತಿತ್ತು. ಹಸಿದವರಿಗೆ ಹರಟೆ ಹೊಡೆಯಲೂ ತ್ರಾಣ ಇರಲಿಲ್ಲ. ಎಲ್ಲರೂ ಸುಮ್ಮನೆ ಕೂತರು. ಮಾಮಾ ಗಿಟಾರನ್ನು ಮತ್ತೆ ಶುರು ಮಾಡಿದ, ಎರಡು ನಿಮಿಷ ಪೂರ್ತಿ ನುಡಿಸಿದ, ಹಾಡು ಮುಗಿಸಿದ. ಅನ್ನ ಇನ್ನೂ ಬೆಂದಿರಲಿಲ್ಲ.

ಹಿಂದಿನಿಂದ ಯಾರೋ ಒದರಿದರು, "ಒನ್ಸ್ ಮೋರ್!"

ಮಾಮಾ ಇನ್ನೊಮ್ಮೆ ಹಾಡಿದ. ಅಡುಗೆ ಮನೆಯಿಂದ ಸುದ್ದಿಯಿಲ್ಲ. "ಒನ್ಸ್ ಮೋರ್!" ಮೂರನೆಯ ಸಲವೂ ಆಯಿತು.

ಕೆಳಗಿಳಿದ ಮಾಮಾ ಮೊದಲಿನ ಮಾಮಾ ಅಲ್ಲ, ಒಂದು ಗೇಣು ಎತ್ತರ ಬೆಳೆದಿದ್ದ. "ನೋಡಿದೇನ್ಲೇ? ಆ ಫಾರಿನ್ನವ್ರ ಕಡಿಂದನೂ ಯಾರೂ ಹಿಂಗ ಮೂರು ಸಲ ಹಾಡಸಿರಲಿಕ್ಕಿಲ್ಲ!"

ನಾನು ಬಾಯಿ ತೆಗೆಯುವುದರೊಳಗೆ ಅಡುಗೆ ಭಟ್ಟ ಕೈ ಒರೆಸಿಕೊಳ್ಳುತ್ತ ಬಂದು ನಮಸ್ಕಾರ ಮಾಡಿದ.

"ಸಾಹುಕಾರ್ರ, ಆ ಪದಾ ನನ್ನ ಮೊಬೈಲಿಗೆ ಹಾಕ್ರೀ. ಗಡಿಯಾರಾ ನೋಡೂ ತ್ರಾಸ ತಪ್ಪತದ. ಮೂರು ಸಲ ಹಾಡಿದ್ರ ಒಂದು ಚೀಲ ಸೋನಾಮಸೂರಿ ಬರೋಬ್ಬರಿ ಬೇಯ್ತದ!"