ಒಂಬತ್ತನೇ ಕೋಣೆಯ ದರ್ಜಿಯವರೂ ಸಂಸ್ಥೆಯ ಕಾರೂ

ಬೆಟ್ಟದ ಮೇಲಿರುವ ನಮ್ಮ ಆರೋಗ್ಯಧಾಮದ ಮುಂಬಾಗಿಲಿನಿಂದ ಗೇಟಿನವರೆಗಿನ ದೂರ ನೂರ ಎಂಬತ್ತು ಮೀಟರ್. ಇದನ್ನು ಮೇಟ್ರನ್ ಆದ ನಾನೇ ಟೇಪು ಹಿಡಿಸಿ ಅಳೆಸಿದ್ದೇನೆ. ಮೊದಲ ನೂರ ನಲವತ್ತು ಮೀಟರ್ ಸಮತಟ್ಟು, ಉಳಿದ ನಲವತ್ತು ಏರು. ಈ ಇಡೀ ದಾರಿ ನಿಶ್ಶಬ್ದ ವಲಯಕ್ಕೆ ಸೇರಿದ್ದು, ಎಂಜಿನ್ನಿನ ಸದ್ದು ಮಾಡುವ ಯಾವ ವಾಹನಕ್ಕೂ ಇಲ್ಲಿ ಪ್ರವೇಶವಿಲ್ಲ. ಇದಕ್ಕಾಗಿ ನಮಗೆ ದೊರೆತ ಪ್ರಶಸ್ತಿಪತ್ರ ಹಜಾರದ ಗೋಡೆಯ ಮೇಲಿದೆ. ಅದರ ಗಾಜನ್ನು ಪ್ರತಿದಿನ ಮೊದಲು ಒದ್ದೆ ಬಟ್ಟೆಯಿಂದ, ನಂತರ ಒಣ ಬಟ್ಟೆಯಿಂದ ಒರೆಸಲಾಗುತ್ತದೆ.

ಈ ಕಾರಣಕ್ಕಾಗಿಯೇ ಸಂಸ್ಥೆಯು ಒಂದು ಪುಟ್ಟ ಹೈಬ್ರಿಡ್ ಕಾರನ್ನು ಖರೀದಿಸಿತು. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯೂ ಇದೆ. ಗೇಟಿನ ಒಳಗೆ ಬ್ಯಾಟರಿ, ಗೇಟಿನ ಹೊರಗೆ ಎಂಜಿನ್. ಗುಣವಾದವರನ್ನು ಮನೆಗೆ ತಲುಪಿಸುವುದು ಅದರ ಏಕೈಕ ಕೆಲಸ. ನಿಯಮ ಹನ್ನೊಂದರ ಪ್ರಕಾರ ಸಂಸ್ಥೆಯ ಕಾರಿಲ್ಲದೆ ಯಾವ ರೋಗಿಯೂ ಮನೆಗೆ ಹೋಗತಕ್ಕದ್ದಲ್ಲ. ಹಿಂದೊಮ್ಮೆ ಒಬ್ಬರು ಸೋದರಳಿಯನ ಮೋಟಾರ್ ಸೈಕಲ್ಲಿನಲ್ಲಿ ಹೊರಟು, ಎರಡನೇ ತಿರುವಿನಲ್ಲಿ ಬಿದ್ದು, ಅದೇ ಮಧ್ಯಾಹ್ನ ಅದೇ ಹಾಸಿಗೆಗೆ ಮರಳಿದರು. ಹಾಸಿಗೆಯ ಹೊದಿಕೆಯನ್ನು ಬದಲಿಸಲು ಕೂಡ ಸಮಯ ಸಿಕ್ಕಿರಲಿಲ್ಲ. ನಿಯಮ ಹುಟ್ಟಿದ್ದು ಹಾಗೆ.

ನಾಲ್ಕು ವರ್ಷ ಕಾರು ಸದ್ದಿಲ್ಲದೆ ಸೇವೆ ಸಲ್ಲಿಸಿತು. ಐದನೇ ವರ್ಷ ಬ್ಯಾಟರಿ ಕುಂದಿತು. ಸೂಚಕದಲ್ಲಿ ಎಂಟು ಗೆರೆಗಳಿರಬೇಕಾದ ಕಡೆ ಒಂದೇ ಗೆರೆ ಉಳಿಯಿತು. ಅಂದಿನಿಂದ ಕಾರು, ನಿಂತಲ್ಲಿಯೇ, ಯಾರೂ ಕೇಳದಿದ್ದರೂ, ತಾನಾಗಿ ಎಂಜಿನ್ ಶುರು ಮಾಡಿಕೊಳ್ಳತೊಡಗಿತು. ಏರಿನಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಉಸಿರು ಬಿಡತೊಡಗಿತು. ಪೆಟ್ರೋಲನ್ನು ಮೊದಲಿಗಿಂತ ಹೆಚ್ಚು ಕುಡಿಯಿತು. ಮಹಿಳಾ ವಾರ್ಡಿನ ಕಿಟಕಿಯ ಕೆಳಗೆ ಹಾಗೆ ಒಮ್ಮೆ ಗುರ್ ಎಂದಾಗ, ಹಜಾರದ ಪ್ರಶಸ್ತಿಪತ್ರ ಗೋಡೆಯ ಮೇಲೆ ಸಣ್ಣಗೆ ನಡುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಾಲಕ ಹೊಸ ಬ್ಯಾಟರಿಗಾಗಿ ಖರೀದಿ ವಿಭಾಗದ ಗುಮಾಸ್ತರ ಬಳಿ ಹೋದ. ಸಾಕ್ಷಿಯಾಗಿ ನಾನೂ ಹೋದೆ.

"ಗಾಡಿ ನಿಂತ್ಹೋಗಿದೆಯಾ?" ಎಂದರು ಗುಮಾಸ್ತರು.

"ಇಲ್ಲ ಸಾರ್, ಓಡ್ತಿದೆ."

"ಓಡ್ತಿರೋ ಗಾಡಿಗೆ ಬ್ಯಾಟರಿ ಯಾಕಪ್ಪಾ?"

"ಎಂಜಿನ್ ಮೇಲೆ ಓಡ್ತಿದೆ ಸಾರ್. ಬ್ಯಾಟರಿ ಮೇಲೆ ಓಡ್ತಿಲ್ಲ."

ಗುಮಾಸ್ತರ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಪೆಟ್ರೋಲ್ ವಾಹನಗಳ ಪುಸ್ತಕದಲ್ಲಿ 'ಎಂಜಿನ್ ಸರಿಯಿದೆಯೇ?' ಎಂಬ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದು ಮುಚ್ಚಿದರು. ವಿದ್ಯುತ್ ವಾಹನಗಳ ಪುಸ್ತಕ ತೆರೆದು 'ವಾಹನ ಚಲಿಸುತ್ತಿದೆಯೇ?' ಎಂಬ ಪ್ರಶ್ನೆಯ ಮುಂದೆಯೂ 'ಹೌದು' ಎಂದು ಬರೆದರು.

"ಎರಡರಲ್ಲೂ ಪಾಸು" ಎಂದರು. "ನಿನ್ನ ಗಾಡಿಯಷ್ಟು ಗಟ್ಟಿಮುಟ್ಟಾದ ಗಾಡಿ ಈ ಸಂಸ್ಥೆಯಲ್ಲೇ ಇಲ್ಲ ನೋಡು."

"ಎರಡೂ ಇರೋ ಗಾಡಿಗೆ ಮೂರನೇ ಪುಸ್ತಕ ಇಲ್ವಾ ಸಾರ್?"

"ಮೂರನೇದು ಬೇಕಂದ್ರೆ ಈ ಎರಡರಲ್ಲಿ ಒಂದು ತುಂಬಬೇಕು. ಇರೋದೊಂದೇ ಗಾಡಿ, ಯಾವಾಗ ತುಂಬುತ್ತೋ! ಪೂರ್ತಿ ಸತ್ತ ಮೇಲೆ ಬಾ. ಅರೆಜೀವಕ್ಕೆಲ್ಲ ಅರ್ಜಿ ತಗೊಳ್ಳೋಕಾಗಲ್ಲ."

ಇದರಲ್ಲಿ ಗುಮಾಸ್ತರ ತಪ್ಪೇನೂ ಇರಲಿಲ್ಲ. ಅವರ ಅಕ್ಷರ ದುಂಡಾಗಿತ್ತು.

ಅಧೀಕ್ಷಕರು ಸಭೆ ಕರೆದರು. ಎಂಜಿನ್ ಬಂದ್ ಮಾಡಿ ಕಾರನ್ನು ಗೇಟಿನವರೆಗೆ ತಳ್ಳಿಸಬೇಕು, ಗೇಟು ದಾಟಿದ ಮೇಲೆ ಎಂಜಿನ್ ಶುರು ಮಾಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದರು. ತಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಮ್ಮ ಚಹಾದ ಲೋಟದೊಳಗೆ ನೋಡಿದರು. ಕೊನೆಗೆ ಫಿಸಿಯೋಥೆರಪಿಸ್ಟ್ ಬಾಯಿಬಿಟ್ಟ.

"ಸಾರ್, ನಮ್ಮ ರೋಗಿಗಳು ದಿನಾ ಹದಿನೈದು ನಿಮಿಷ ಗೋಡೆ ತಳ್ತಾರೆ. ಕಾಲಿಗೆ ಬಲ ಬರಲಿ ಅಂತ. ಗೋಡೆ ಮುಂದಕ್ಕೆ ಹೋಗಲ್ಲ, ಅವರಿಗೂ ಬೇಜಾರು. ಕಾರಾದ್ರೆ ಸ್ವಲ್ಪನಾದ್ರೂ ಹೋಗುತ್ತೆ."

ಮರುದಿನ ಬೆಳಿಗ್ಗೆ ಸೂಚನಾಫಲಕದಲ್ಲಿ ಈ ಪ್ರಕಟಣೆ ಕಾಣಿಸಿಕೊಂಡಿತು:

"ಇಂದಿನಿಂದ ಗೋಡೆ ತಳ್ಳುವ ವ್ಯಾಯಾಮವನ್ನು ರದ್ದುಪಡಿಸಿ, ಅದರ ಸ್ಥಾನದಲ್ಲಿ ಕಾರು ತಳ್ಳುವ ಚಿಕಿತ್ಸೆಯನ್ನು ಜಾರಿಗೊಳಿಸಲಾಗಿದೆ. ಒಂದು ತಂಡದಲ್ಲಿ ನಾಲ್ವರು ಇರತಕ್ಕದ್ದು. ಬೆನ್ನು ನೆಟ್ಟಗಿರತಕ್ಕದ್ದು. ಉಗುರು ಕತ್ತರಿಸಿರತಕ್ಕದ್ದು. 'ಐಸಾ' ಎನ್ನುವುದನ್ನು ಪಿಸುಮಾತಿನಲ್ಲಿ ಮಾತ್ರ ಅನ್ನತಕ್ಕದ್ದು."

ಉಗುರಿನ ವಾಕ್ಯ ನಾನು ಸೇರಿಸಿದ್ದು.

ಒಂಬತ್ತನೇ ಕೋಣೆಯ ದರ್ಜಿಯವರು ತಂಡಕ್ಕೆ ಸೇರಿದ್ದು ಆ ವಾರವೇ. ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ಅವರು, ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ನಮ್ಮಲ್ಲಿ ನಡೆಯಲು ಕಲಿಯುತ್ತಿದ್ದರು. ಸಂಜೆ ಐದಕ್ಕೆ ಮೊಗಸಾಲೆಯ ಫೋನಿಗೆ ಅವರ ಹೆಂಡತಿಯ ಕರೆ ಬರುತ್ತಿತ್ತು. ರೋಗಿಗಳಿಗೆ ಐದು ನಿಮಿಷದ ಮಿತಿಯಿರುವುದರಿಂದ ನಾನು ಗಡಿಯಾರ ಹಿಡಿದು ಪಕ್ಕದಲ್ಲಿಯೇ ನಿಲ್ಲುತ್ತೇನೆ. ಹೆಂಡತಿಯ ದನಿ ದೊಡ್ಡದು. ಕೇಳಿಸಿದ್ದು ನನ್ನ ತಪ್ಪಲ್ಲ.

"ರೀ, ಇವತ್ತು ನಾಲ್ಕು ಹೆಜ್ಜೆ ಹಾಕಿದ್ಳು! ಐದನೇದಕ್ಕೆ ಧೊಪ್ ಅಂತ ಕೂತ್ಕೊಂಡ್ಳು."

"ನಂದು ಹನ್ನೊಂದಾಯ್ತು ಕಣೇ."

"ಅಯ್ಯೋ, ಮೊಮ್ಮಗಳ ಜೊತೆ ಪಂದ್ಯ ಕಟ್ಟಿದೀರಾ?"

"ಅವಳು ಓಡೋಕೆ ಶುರು ಮಾಡೋಷ್ಟರಲ್ಲಿ ಬಂದ್ಬಿಡ್ತೀನಿ. ಮೊದಲನೇ ಓಟ ನಾನು ನೋಡ್ಬೇಕು. ಅವರಮ್ಮ ಮೊದಲ ಸಲ ಓಡ್ದಾಗ ನಾನು ಯಾರದೋ ಕೋಟಿಗೆ ಗುಂಡಿ ಹಾಕ್ತಾ ಕೂತಿದ್ದೆ. ತಲೆ ಎತ್ತೋಷ್ಟರಲ್ಲಿ ಅವಳು ಬೀದಿ ಕೊನೇಲಿದ್ಳು."

ದರ್ಜಿಯವರ ಕಾಲು ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಮೂರನೇ ವಾರದ ಹೊತ್ತಿಗೆ ಕಾರಿನ ಹಿಂಭಾಗದ ಬಲಮೂಲೆ ಅವರದೇ ಎಂದಾಯಿತು. ಅಲ್ಲಿ ಅವರು ಕೈಯಿಟ್ಟರೆ ಏರಿನಲ್ಲಿಯೂ ಕಾರು ಮುಗ್ಗರಿಸುತ್ತಿರಲಿಲ್ಲ. ಐದನೇ ವಾರ ವೈದ್ಯರು ಅವರನ್ನು ಪರೀಕ್ಷಿಸಿ, ಪೂರ್ಣ ಗುಣಮುಖರೆಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ದರ್ಜಿಯವರು ಅಧೀಕ್ಷಕರ ಕೋಣೆಗೆ ಬಂದರು.

"ನಿಮ್ಮನ್ನ ಹೇಗ್ರೀ ಕಳಿಸೋದು?" ಎಂದರು ಅಧೀಕ್ಷಕರು. "ನಿನ್ನೆ ನೆಗಡಿ ಅಂತ ನಿಮಗೆ ರಜ ಕೊಟ್ಟಿದ್ದಕ್ಕೆ ಏನಾಯ್ತು? ಕಾರು ಏರಿಂದ ಹಿಂದಕ್ಕೆ ಜಾರಿ ಮೂರು ಹೂಕುಂಡ ಒಡೀತು."

"ನನ್ನ ಕಾಲು ವಾಸಿಯಾಗಿರೋದಕ್ಕೆ ತಾನೇ ಸಾರ್ ನಾನು ತಳ್ತಿರೋದು?"

"ಹೌದು. ಅದಕ್ಕೇ ಹೇಳ್ತಿರೋದು."

"ವಾಸಿಯಾದವರನ್ನ ಮನೆಗೆ ಕಳಿಸ್ತೀರಲ್ವಾ?"

"ಕಾರಲ್ಲಿ ಕಳಿಸ್ತೀವಿ. ಆ ಕಾರನ್ನ ಗೇಟಿಗೆ ತರೋರು ಯಾರು?"

ದರ್ಜಿಯವರು ಸ್ವಲ್ಪ ಯೋಚಿಸಿದರು. "ನಾನೇ" ಎಂದರು.

"ನೋಡಿ, ನಿಮಗೇ ಗೊತ್ತಿದೆ" ಎಂದು ಅಧೀಕ್ಷಕರು ಸಮಾಧಾನದಿಂದ ನಕ್ಕರು. "ಇವತ್ತು ನೀವು ಹೋದ್ರೆ ನಾಳೆ ಹೋಗೋರ ಗತಿ ಏನು? ಕಾಲು ವಾಸಿಯಾದೋರೆಲ್ಲ ಮನೆಗೆ ಹೋಗ್ಬಿಟ್ರೆ, ಇಲ್ಲಿ ತಳ್ಳೋಕೆ ಉಳಿಯೋರು ಬರೀ ರೋಗಿಗಳು!"

ಈ ವಾದದಲ್ಲಿ ನನಗೆ ಬಿರುಕು ಕಾಣಲಿಲ್ಲ. ತಂಡದಲ್ಲಿ ನಾಲ್ವರು ಗುಣಮುಖರು ಸದಾ ಇರತಕ್ಕದ್ದೆಂದು ಆ ಸಂಜೆಯೇ ಆದೇಶವಾಯಿತು. ಸಂಸ್ಥೆಯ ಕರಪತ್ರದಲ್ಲಿ ಕಾರು ತಳ್ಳುವ ಚಿಕಿತ್ಸೆಗೆ ಪ್ರತ್ಯೇಕ ಶುಲ್ಕವೂ ಅಚ್ಚಾಯಿತು.

ದರ್ಜಿಯವರು ಹದಿನೇಳು ಜನರನ್ನು ತಮ್ಮ ಕೈಯಾರೆ ಮನೆಗೆ ಕಳಿಸಿಕೊಟ್ಟರು. ಗೇಟಿನ ಬಳಿ ಪ್ರತಿಯೊಬ್ಬರೂ ಕಿಟಕಿಯಿಂದ ಕೈಬೀಸುತ್ತಿದ್ದರು. ಇವರೂ ಕೈಬೀಸಿ, ಬೆವರೊರೆಸಿಕೊಂಡು, ಒಂಬತ್ತನೇ ಕೋಣೆಗೆ ಮರಳುತ್ತಿದ್ದರು.

"ಯಜಮಾನ್ರೇ, ಗೇಟು ತೆಗೆದೇ ಇರುತ್ತೆ" ಎಂದ ಚಾಲಕ ಒಂದು ದಿನ. "ನಿಮ್ಮನೆ ಮೂರು ಕಿಲೋಮೀಟರ್. ನಡ್ಕೊಂಡು ಹೋಗ್ಬಿಡಿ."

"ಕಾರಿಲ್ದೆ ಹೋದ್ರೆ ಓಡಿಹೋದ ಅಂತ ಬರೀತಾರಪ್ಪಾ. ಈ ವಯಸ್ಸಲ್ಲಿ ಓಡಿಹೋದ ಅನ್ನಿಸ್ಕೊಳ್ಳಲಾ? ಅದೂ ಒಬ್ನೇ?"

ಸಂಜೆಯ ಫೋನಿನ ಸುದ್ದಿ ದಿನದಿಂದ ದಿನಕ್ಕೆ ಗಂಭೀರವಾಯಿತು. ಇಪ್ಪತ್ತಮೂರು ಹೆಜ್ಜೆ. ನಂತರ ಅಡುಗೆಮನೆಯಿಂದ ಬಾಗಿಲವರೆಗೆ. ಆಮೇಲೆ ಒಂದು ಸೋಮವಾರ:

"ರೀ, ಇವಳು ತಡೆಯೋಳಲ್ಲ. ಬೇಗ ಬೇಗ ನಡೀತಾಳೆ, ಇನ್ನೇನು ಓಟವೇ. ನಾನು ಕೈ ಹಿಡ್ಕೊಂಡು ನಿಧಾನ ಮಾಡಿಸ್ತಿದ್ದೀನಿ. ಎಷ್ಟು ದಿನ ಅಂತ ಹಿಡ್ಕೊಳ್ಳಲಿ? ನನ್ನ ಕೈ ಬಿದ್ದುಹೋಗ್ತಿದೆ."

"ಇನ್ನೊಂದು ಸ್ವಲ್ಪ ಹಿಡ್ಕೊಳೇ" ಎಂದರು ದರ್ಜಿಯವರು. ಐದು ನಿಮಿಷ ಮುಗಿದು ಆಗಲೇ ಎರಡು ನಿಮಿಷ ಆಗಿತ್ತು. ಗಡಿಯಾರಕ್ಕೆ ಕೀಲಿ ಕೊಡಬೇಕಾಗಿದ್ದುದರಿಂದ ನಾನು ಅದನ್ನು ಗಮನಿಸಲಿಲ್ಲ.

ಮರುದಿನ, ಮಂಗಳವಾರ, ಹೊರಡುವ ಸರದಿ ಹನ್ನೆರಡನೇ ಕೋಣೆಯ ಗ್ರಂಥಪಾಲಕಿಯವರದು. ಅವರು ಮಡಿಲಲ್ಲಿ ಚೀಲ, ಚೀಲದ ಮೇಲೆ ಪುಸ್ತಕ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ನಾಲ್ವರೂ ಪಿಸುಮಾತಿನಲ್ಲಿ ಐಸಾ ಎನ್ನುತ್ತಾ ಕಾರನ್ನು ಏರು ಹತ್ತಿಸಿ, ಗೇಟು ದಾಟಿಸಿದರು. ಚಾಲಕ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಕೊನೆಯ ಗೆರೆಯೂ ಆರಿಹೋಯಿತು.

"ಸತ್ತೋಯ್ತು ಮೇಡಂ!" ಎಂದು ಚಾಲಕ ಸಂತೋಷದಿಂದ ಕೂಗಿದ. "ಪೂರ್ತಿ ಸತ್ತೋಯ್ತು! ಈಗ ಅರ್ಜಿ ಹಾಕ್ಬಹುದು!"

ಗುಮಾಸ್ತರು ಎರಡೂ ಪುಸ್ತಕ ಹಿಡಿದು ಗೇಟಿಗೆ ಬಂದರು. "ಎಂಜಿನ್ ಕೆಟ್ಟಿದೆಯಾ?"

"ಎಂಜಿನ್ ಸರಿ ಇದೆ ಸಾರ್. ಅದನ್ನ ಎಬ್ಬಿಸೋಕೆ ಬ್ಯಾಟರಿ ಬೇಕು."

"ಹಾಗಾದ್ರೆ ಪೆಟ್ರೋಲ್ ಪುಸ್ತಕದಲ್ಲಿ ಬರಲ್ಲ. ವಿದ್ಯುತ್ ಪುಸ್ತಕಕ್ಕೆ ಪರಿಶೀಲನಾ ಸಮಿತಿ ಬರಬೇಕು. ಮುಂದಿನ ತಿಂಗಳು ಬರ್ತಾರೆ. ಅಲ್ಲೀವರೆಗೆ ಗಾಡಿ ಇದ್ದಲ್ಲೇ ಇರ್ಲಿ."

"ನಾನು ಇಳಿಯಲ್ಲ" ಎಂದರು ಒಳಗಿನಿಂದ ಗ್ರಂಥಪಾಲಕಿ. "ನನ್ನ ಹೆಸರು ಆಗ್ಲೇ ರಿಜಿಸ್ಟರಲ್ಲಿ ಬರೆದಾಗಿದೆ."

ದರ್ಜಿಯವರು ಮಾತ್ರ ಕಾರಿನಿಂದ ಕೈ ತೆಗೆದಿರಲಿಲ್ಲ. ಮುಂದೆ ಊರಿನವರೆಗೆ ರಸ್ತೆ ಇಳಿಜಾರಾಗಿ ಬಿದ್ದುಕೊಂಡಿತ್ತು.

"ಮೇಡಂ," ಎಂದು ನನ್ನ ಕಡೆ ತಿರುಗಿದರು, "ರೋಗಿ ಕಾರಲ್ಲಿ ಎಲ್ಲಿ ಕೂರಬೇಕು ಅಂತ ಆ ರಿಜಿಸ್ಟರಲ್ಲಿ ಬರೆಯೋಕೆ ಜಾಗ ಇದೆಯಾ?"

ನಾನು ರಿಜಿಸ್ಟರ್ ತೆರೆದೆ. ರೋಗಿಯ ಹೆಸರು, ಕಾರು ಗೇಟು ಬಿಟ್ಟ ಸಮಯ, ಮನೆ ತಲುಪಿದ ಸಮಯ, ಚಾಲಕನ ಸಹಿ, ಮನೆಯವರ ಸಹಿ. ನಾನು ಸುಳ್ಳು ಹೇಳುವವಳಲ್ಲ. "ಇಲ್ಲ" ಎಂದೆ.

"ಹಾಗಾದ್ರೆ ನನ್ನ ಹೆಸರೂ ಬರ್ಕೊಳ್ಳಿ."

ಬರೆದುಕೊಂಡೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಕಾರು ಗೇಟು ಬಿಟ್ಟಿತು. ಉಳಿದ ಮೂವರು ಒಳರೋಗಿಗಳಾದ್ದರಿಂದ ಗೇಟಿನ ಗೆರೆಯ ಬಳಿಯೇ, ಕೈ ಮುಂದೆ ಚಾಚಿಕೊಂಡು ನಿಂತುಬಿಟ್ಟರು. ಇಳಿಜಾರಿನಲ್ಲಿ ಕಾರನ್ನು ತಳ್ಳುವ ಬದಲು ಹಿಡಿಯಬೇಕಾಯಿತು. ಚಾಲಕ ಹತ್ತು ಮಾರಿಗೊಮ್ಮೆ ಹ್ಯಾಂಡ್‌ಬ್ರೇಕ್ ಎಳೆದ. ದರ್ಜಿಯವರು ಹಿಂದೆ ದಾಪುಗಾಲು ಹಾಕಿದರು. ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ಓಡುತ್ತಾ ಅವರ ನಾಡಿ ಬರೆದುಕೊಂಡ. ಸಂಸ್ಥೆಯ ಆಸ್ತಿಯ ಜೊತೆ ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಇರಬೇಕಾದ್ದರಿಂದ ನಾನೂ ಹೊರಟೆ. ಊರೊಳಗಿನ ಸಮತಟ್ಟು ಬೀದಿಯಲ್ಲಿ ನಾನು ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟಿದ್ದೆನೇ ಹೊರತು ತಳ್ಳಲಿಲ್ಲ. ಕೈಗೆ ಭಾರ ಬಂದಿದ್ದರೆ ಅದು ರಸ್ತೆಯ ದೋಷ.

ದರ್ಜಿಯವರ ಮನೆಯ ಮುಂದೆ ಅವರ ಹೆಂಡತಿ ಮಗುವಿನ ಕೈ ಹಿಡಿದು ನಿಂತಿದ್ದರು. ಮಗು ಆ ಕೈಯಿಂದ ಬಿಡಿಸಿಕೊಳ್ಳಲು ಮೈಯನ್ನೆಲ್ಲ ತಿರುಚುತ್ತಿತ್ತು.

"ಬಿಡೇ ಕೈ!" ಎಂದು ದರ್ಜಿಯವರು ಕಾರಿನ ಹಿಂದಿನಿಂದ ಕೂಗಿದರು. "ಬಂದೆ! ಬಿಡೇ, ಓಡ್ಲಿ!"

ಹೆಂಡತಿ ಬಿಟ್ಟರು. ಮಗು ಓಡಿತು. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಹನ್ನೆರಡು ಮಾರು ದೂರ ಓಡಿ ಬಂದು, ಅಜ್ಜನ ಮುಖವನ್ನೂ ನೋಡದೆ, ಅವರ ಪಕ್ಕದಲ್ಲಿ ಬಂಪರಿನ ಮೇಲೆ ಎರಡೂ ಅಂಗೈ ಊರಿ ತಳ್ಳತೊಡಗಿತು. ಬೆನ್ನು ನೆಟ್ಟಗಿತ್ತು. ದರ್ಜಿಯವರು ಭುಜದಿಂದ ಕಣ್ಣೊರೆಸಿಕೊಂಡರು. ಕೈ ತೆಗೆದರೆ ಕಾರು ನಿಂತುಬಿಡುತ್ತಿತ್ತು.

ಹೆಂಡತಿ ಸಹಿ ಹಾಕಿದರು. "ಒಳಗಿರೋರು ಯಾರು?" ಎಂದು ಕೇಳಿದರು.

"ಹನ್ನೆರಡನೇ ಕೋಣೆ" ಎಂದೆ. "ಅವರ ಮನೆ ಇಲ್ಲಿಂದ ಮೂರು ಬೀದಿ."

ಅವರು ಒಮ್ಮೆ ಗ್ರಂಥಪಾಲಕಿಯವರನ್ನು, ಒಮ್ಮೆ ಗಂಡನ ಕಾಲನ್ನು ನೋಡಿದರು. "ನೀವು ಆ ಕಡೆ ಜರುಗ್ರಿ. ಬರೀ ಬಲಗಡೆ ತಳ್ಳಿದ್ರೆ ಗಾಡಿ ಸೊಟ್ಟಗೆ ಹೋಗಲ್ವಾ?" ಎಂದು ಎಡಮೂಲೆಗೆ ಕೈಯಿಟ್ಟರು. ಅಕ್ಕಪಕ್ಕದ ಮನೆಯವರೂ ಬಂದರು. ಐಸಾ ಎಂದು ಬೀದಿಯೆಲ್ಲ ಕೂಗಿತು. ಅದು ನಿಶ್ಶಬ್ದ ವಲಯದ ಹೊರಗಾದ್ದರಿಂದ ನಾನು ಆಕ್ಷೇಪಿಸಲಿಲ್ಲ. ಗ್ರಂಥಪಾಲಕಿ ಪುಟ ತಿರುಗಿಸಿದರು.

ಈಗ ವ್ಯವಸ್ಥೆ ಸ್ಥಿರವಾಗಿದೆ. ಒಂದು ಮನೆಯವರು ಮುಂದಿನ ಮನೆಯವರೆಗೆ ತಳ್ಳುತ್ತಾರೆ. ಕಾರನ್ನು ಬೆಟ್ಟಕ್ಕೆ ಹಿಂದಿರುಗಿಸುವ ಕೆಲಸ ಹೊಸದಾಗಿ ದಾಖಲಾಗುವವರ ಸಂಬಂಧಿಕರದು. ಅದಕ್ಕಾಗಿ ದಾಖಲಾತಿ ಅರ್ಜಿಯಲ್ಲಿ 'ಗಟ್ಟಿಮುಟ್ಟಾದ ಸೋದರಮಾವಂದಿರು ಎಷ್ಟು ಮಂದಿ?' ಎಂದು ಕೇಳಲಾಗುತ್ತದೆ. ಯಾರೂ ತಕರಾರು ಮಾಡಿಲ್ಲ.

ಪರಿಶೀಲನಾ ಸಮಿತಿ ಬಂದು ವರದಿ ಕೊಟ್ಟಿದೆ: ಬ್ಯಾಟರಿ ಬರಿದಾದ ನಂತರ ಕಾರು ಪೆಟ್ರೋಲನ್ನು ಬಳಸುತ್ತಿಲ್ಲ, ಹೊಗೆ ಬಿಡುತ್ತಿಲ್ಲ, ಎಂಜಿನ್ ಸದ್ದು ಮಾಡುತ್ತಿಲ್ಲ, ಎಷ್ಟು ದೂರ ಹೋದರೂ ದಣಿಯುತ್ತಿಲ್ಲ. ಆದ್ದರಿಂದ ಕಾರ್ಯಕ್ಷಮತೆ ಅತ್ಯುತ್ತಮ. ಎರಡನೇ ಕಾರೊಂದನ್ನು ಖರೀದಿಸಬಹುದು. ಅದರ ಬ್ಯಾಟರಿಯನ್ನು ಬಂದ ದಿನವೇ ತೆಗೆದಿರಿಸತಕ್ಕದ್ದು. ಚಾಲಕನಿಗೆ ಬಡ್ತಿ ದೊರೆತಿದೆ. ನಮಗೆ ಎರಡನೇ ಪ್ರಶಸ್ತಿಪತ್ರವೂ ಬಂದಿದೆ. ಈಗ ಒರೆಸಲು ಎರಡು ಗಾಜುಗಳಿವೆ.

ಮಂಗಳವಾರಗಳಲ್ಲಿ ಕಾರು ಅವರ ಬೀದಿಗೆ ಬರುವ ಹೊತ್ತಿಗೆ ದರ್ಜಿಯವರೂ ಮೊಮ್ಮಗಳೂ ಮನೆಯ ಮುಂದೆ ಸಿದ್ಧರಾಗಿರುತ್ತಾರೆ. ತಳ್ಳುವ ಮೊದಲು ನಾನು ಇಬ್ಬರ ಉಗುರನ್ನೂ ನೋಡುತ್ತೇನೆ. ಮಗುವಿನದು ಯಾವಾಗಲೂ ಶುಚಿಯಾಗಿರುತ್ತದೆ. ದರ್ಜಿಯವರಿಗೆ ಎರಡು ಸಲ ಹೇಳಬೇಕಾಗಿ ಬಂದಿದೆ.